ಎಡೆಗಿಟ್ಟ ಬಟ್ಟೆಯ ಅಳತೆ

ದೇವನೂರಿನ ದೇವಯ್ಯನ ಮುಂದೆ ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂಬ ಮಾತು ತೆಗೆದರೆ ಸಾಕು, ಮಲಗಿದ್ದವನೂ ಎದ್ದು ಕೂರುತ್ತಿದ್ದ. ತಾಂಡ್ಯದ ನೂಲಿನ ಕಾರ್ಖಾನೆಯೊಂದರಲ್ಲಿ ಅವನು ಎಲೆಕ್ಟ್ರಿಷಿಯನ್. ಸ್ವರ್ಗ, ನರಕ, ಮರುಜನ್ಮ ಎಲ್ಲವನ್ನೂ ಒಂದೇ ಏಟಿಗೆ ಮುಗಿಸಿಬಿಡುತ್ತಿದ್ದ. “ಕರೆಂಟ್ ಓಯ್ತು, ಫ್ಯಾನ್ ನಿಂತ್ಕತ್ತು. ಆ ತಿರುಗಾಟ ಯಾವೂರ್ಗೋಯ್ತು ಅಂತ ಯಾರಾದ್ರೂ ಕೇಳ್ತಾರೇನ್ಲಾ?” ಕೇಳಿದವರು ತಲೆ ಕೆರೆದುಕೊಂಡು ಎದ್ದು ಹೋಗಬೇಕು, ಅಷ್ಟೆ. ಹೆಸರು ನೋಡಿದರೆ ದೇವಯ್ಯ, ಮಾತು ನೋಡಿದರೆ ಹೀಗೆ ಎಂದು ಊರವರು ನಗುತ್ತಿದ್ದರು. ನಗಲಿ ಬಿಡಿ. ಆದರೆ ಅವನು ಸುಳ್ಳಾಡುವ ಆಸಾಮಿಯಲ್ಲ ಎಂಬುದನ್ನು ಅವನನ್ನು ಕಂಡರಾಗದವರೂ ಒಪ್ಪುತ್ತಿದ್ದರು.

ಹೆಂಡತಿ ಮಾದಮ್ಮನದು ಬೇರೆಯೇ ದಾರಿ. ಮಹಾಲಯ ಅಮಾವಾಸ್ಯೆ ಬಂತೆಂದರೆ ಮನೆ ಸಾರಿಸಿ, ನಡುಮನೆಯಲ್ಲಿ ಬಾಳೆಲೆ ಹಾಕಿ, ಸತ್ತವರಿಗೆ ಇಷ್ಟವಾದ ತಿಂಡಿಯನ್ನೂ ಹೊಸ ಬಟ್ಟೆಯನ್ನೂ ಎಡೆ ಇಟ್ಟು, ಬಾಗಿಲು ಮುಚ್ಚಿಕೊಂಡು ಹೊರಗೆ ಕೂರುವಳು. ಅವರು ಬಂದು ಯಾರ ಹಂಗಿಲ್ಲದೆ ಉಂಡು ಹೋಗಲಿ ಎಂದು. ಆ ಸೀಮೆಯಲ್ಲಿ ಮನೆಮನೆಯಲ್ಲೂ ನಡೆಯುವುದೇ ಇದು, ಹಿರಿಯರ ಹಬ್ಬ ಎನ್ನುತ್ತಾರೆ. ಈ ಮನೆಯ ಹಿರಿಯಳಿಗೆ ಮಾತ್ರ ಆರೇ ವರ್ಷ. ಒಬ್ಬಳೇ ಮಗಳು ಕವನ ತೊಂಬತ್ತೊಂದನೇ ಇಸವಿಯಲ್ಲಿ ಮಿದುಳು ಜ್ವರ ಬಂದು ತೀರಿಕೊಂಡಿದ್ದಳು. ಅಂದಿನಿಂದ ಆ ಹಬ್ಬದ ದಿನ ದೇವಯ್ಯ ಬೇಕೆಂದೇ ಡ್ಯೂಟಿ ಹಾಕಿಸಿಕೊಂಡು ಕಾರ್ಖಾನೆಗೆ ಹೋಗಿಬಿಡುತ್ತಿದ್ದ. ಇಡಬೇಡ ಎಂದು ಹೆಂಡತಿಗೆ ಹೇಳಿದವನಲ್ಲ, ಇಟ್ಟಿದ್ದನ್ನು ಕಣ್ಣೆತ್ತಿ ನೋಡಿದವನೂ ಅಲ್ಲ. ಮಗಳ ಹೆಸರು ಗಂಡಹೆಂಡಿರ ಮಾತಿನಲ್ಲಿ ಬಂದೇ ಎಷ್ಟೋ ವರ್ಷಗಳಾಗಿದ್ದವು.

ಎರಡು ಸಾವಿರದ ನಾಲ್ಕರಲ್ಲಿ, ಹಬ್ಬ ಹತ್ತಿರ ಬಂದಿರುವಾಗ ಮಾದಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿಕೊಂಡು ಟಿ. ನರಸೀಪುರದಲ್ಲಿದ್ದ ಅಕ್ಕ ಚಾಮುಂಡಮ್ಮನ ಮನೆ ಸೇರಿದಳು. ನೋಡಲು ಬಂದ ಗಂಡನನ್ನು ಮಂಚದ ಅಂಚಿನಲ್ಲಿ ಕೂರಿಸಿಕೊಂಡು, “ಈ ಸಲ ಎಡೆ ನೀವಿಡಿ” ಎಂದಳು.

“ನಾನಾ?”

“ಇನ್ಯಾರವ್ರೆ? ಅಕ್ಕನ ಮನೇಲಿಟ್ರೆ ಆಯ್ತದಾ? ಅದು ಬರೋದು ಅದರ ಮನೆಗೆ. ಬೀಗ ಆಕಿರೋದ ನೋಡ್ಕಂಡು ಎಣ್ಣು ಮಗ ಅಸ್ಕಂಡು ವಾಪಸ್ ಒಂಟೋಗ್ಬುಡ್ತದೆ ಕಣ್ರೀ.”

“ಮಾದಿ, ನಾನು ಇದನ್ನೆಲ್ಲ ನಂಬಾಕಿಲ್ಲ ಅಂತ ನಿಂಗೊತ್ತು.”

“ನಂಬಿ ಅಂತ ಯಾರ್ ಯೋಳಿದ್ರು? ಇಡಿ ಅಂದೆ, ಅಷ್ಟೆಯ. ಇಟ್ಬುಟ್ಟು, ಮಗ ಬಂದಿತ್ತಾ ಇಲ್ವಾ ಅಂತ ನಂಗೆ ಬಂದ್ ಯೋಳಿ. ಬ್ಯಾರೆಯೋರು ಯೋಳಿದ್ರೆ ನನ್ ಸಮಾಧಾನಕ್ಕೆ ಅಂತಾವ್ರೆ ಅನ್ಕತೀನಿ. ನೀವ್ ಯೋಳಿದ್ರೆ ನಂಬ್ತೀನಿ.”

ಬಂತಲ್ಲ ಗ್ರಹಚಾರ! ಎಡೆ ಇಡುವುದೇನು ಮಹಾ, ಎಲೆ ಹಾಕಿ ಬಡಿಸಿದರೆ ಮುಗಿಯಿತು. ಆಮೇಲೆ ಬಂದು ಹೇಳುವುದೇನನ್ನು? ಬಂದಿದ್ದಳು ಎಂದರೆ ಇಷ್ಟು ವರ್ಷ ಆಡದ ಸುಳ್ಳನ್ನು ಕಟ್ಟಿಕೊಂಡವಳಿಗೇ ಆಡಬೇಕು. ಬರಲಿಲ್ಲ ಎಂದರೆ ಕಾಲು ಮುರಿದು ಮಲಗಿರುವವಳ ಎದೆಯನ್ನೂ ಮುರಿಯಬೇಕು. ನಂಜನಗೂಡಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನೇ ಹಿಂದೆ ಮುಂದೆ ಮಾಡಿ ನೋಡಿದ.

ಹಬ್ಬದ ಹಿಂದಿನ ದಿನ ನಂಜನಗೂಡಿನ ಸಿದ್ದರಾಜುವಿನ ಬಟ್ಟೆ ಅಂಗಡಿಗೆ ಹೋದ. ಅಲ್ಲೇ ತೆಗೆದುಕೊಳ್ಳಿ ಎಂದು ಮಾದಮ್ಮ ಹೇಳಿದ್ದಳು. ಹೆಂಗಸರ ಗುಂಪು ಕರಗುವವರೆಗೆ ಕಾದಿದ್ದು, “ಆರು ವರ್ಸದ ಮಗೀಗೆ ಒಂದು ಫ್ರಾಕ್ ಕೊಡಿ” ಎಂದ.

“ಯಾರಿಗೆ ದೇವಯ್ಯೋರೆ?”

“ನಮ್ಮ ಕವನುಂಗೆ. ಎಡೆಗೆ.”

ಸಿದ್ದರಾಜು ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನಿಂತ. “ಫ್ರಾಕಾ? ಅಕ್ಕಾವ್ರು ಓದ್ವರ್ಸ ಚೂಡಿದಾರ್ ತಕಂಡೋದ್ರಲ್ಲ. ಅದ್ಕೂ ಮುಂಚೆ ಲಂಗ ದಾವಣಿ. ಫ್ರಾಕ್ ತಗಳಾದ ಬುಟ್ಟು ಯಾವ ಕಾಲ ಆಯ್ತು! ವರ್ಸಾ ವರ್ಸಾ ಸೈಜ್ ಏರ್ಸ್ಕಂಡೇ ಬಂದವ್ರೆ. ಮಗೀಗೆ ಅದ್ನೆಂಟು ಅಂತಿದ್ರು, ಈಗ ಅತ್ತೊಂಬತ್ತು.”

ದೇವಯ್ಯನಿಗೆ ಎಲ್ಲಿತ್ತೋ ಸಿಟ್ಟು. “ಏನ್ರೀ ಮಾತು ಅಂತ ಆಡ್ತೀರಿ! ಸತ್ತ ಮಗ ಬೆಳೀತದೇನ್ರೀ?”

“ನಂಗೇನ್ ಗೊತ್ತು? ಅಲ್ಲಿ ಏನೋ ಅದೆ ಅನ್ನೋಕೂ ಗೊತ್ತಿಲ್ಲ, ಇಲ್ಲ ಅನ್ನೋಕೂ ಗೊತ್ತಿಲ್ಲ. ನಾನು ವ್ಯಾಪಾರದೋನು ಕಣ್ರೀ, ಗೊತ್ತಿಲ್ದಿರೋ ಮಾಲಿಗೆ ಗ್ಯಾರಂಟಿ ಕೊಡಾಕಿಲ್ಲ. ಅಕ್ಕಾವ್ರು ಕೇಳಿದ ಸೈಜ್ ಕೊಟ್ಟಿವ್ನಿ.” ಆಮೇಲೆ ದನಿ ತಗ್ಗಿಸಿ ಕೇಳಿದ. “ಎತ್ತರ ಏಟಿರಬೋದು, ಯೋಳಿ.”

ದೇವಯ್ಯನಿಗೆ ಗೊತ್ತಿದ್ದ ಕವನಳಿಗೆ ಮುಂದಿನ ಹಲ್ಲು ಬಿದ್ದಿತ್ತು, ಅವನ ಸೊಂಟಕ್ಕೆ ತಲೆ ಬರುತ್ತಿತ್ತು. ಅಲ್ಲಿಂದಾಚೆಗೆ ಏನೂ ಇಲ್ಲ. ಇರಬಾರದು ಎಂದು ಅವನೇ ತೀರ್ಮಾನ ಮಾಡಿದ್ದ. ಈಗ ನೋಡಿದರೆ ಮಾದಮ್ಮ ಹಾಗೆ ಬಿಟ್ಟಿಲ್ಲ. ಮಗಳನ್ನು ಶಾಲೆ ದಾಟಿಸಿದ್ದಾಳೆ, ಮೈನೆರೆಸಿದ್ದಾಳೆ, ಲಂಗ ದಾವಣಿ ಉಡಿಸಿದ್ದಾಳೆ, ಮದುವೆ ವಯಸ್ಸಿಗೆ ತಂದು ನಿಲ್ಲಿಸಿದ್ದಾಳೆ. ಎಡೆ ತೆಗೆದ ಮೇಲೆ ಆ ಬಟ್ಟೆಯೆಲ್ಲ ಚಾಮುಂಡಮ್ಮನ ಮಗಳು ದಿವ್ಯಳ ಮೈಮೇಲೆ ಓಡಾಡಿದ್ದನ್ನು ಅವನು ಕಂಡಿದ್ದ, ಎಡೆಯ ಬಟ್ಟೆ ಎಂದು ಗೊತ್ತಿಲ್ಲದೆ ಚೆನ್ನಾಗಿದೆ ಎಂದೂ ಹೇಳಿದ್ದ! ಅವನಿಗೆ ಈಗ ಬಂದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು. ತನ್ನನ್ನು ಹೊರಗೆ ಬಿಟ್ಟು ಇವಳೊಬ್ಬಳೇ ಮಗಳನ್ನು ಬೆಳೆಸಿಬಿಟ್ಟಳಲ್ಲ ಎಂದು.

“ನಿಮಗೆ ತೋಚಿದ್ ಕೊಡಿ” ಎಂದು ಸಿದ್ದರಾಜು ಕೊಟ್ಟ ಹಸಿರು ಚೂಡಿದಾರನ್ನು ಕಂಕುಳಲ್ಲಿ ಇರುಕಿಕೊಂಡು ಊರಿನ ಬಸ್ಸು ಹತ್ತಿದ.

ಮಾರನೆಯ ದಿನ ಕಾರ್ಖಾನೆಗೆ ರಜೆ ಹಾಕಿದ. ಕವನಳಿಗೆ ಬಿಸಿ ರಾಗಿರೊಟ್ಟಿಯ ಮೇಲೆ ಬೆಲ್ಲ ಕುಟ್ಟಿ ಹಾಕಿಕೊಟ್ಟರೆ ಮುಗಿಯಿತು, ಬೇರೆ ಯಾವ ಭಕ್ಷ್ಯವೂ ಬೇಡ. ಅದು ಅವನಿಗೆ ಮರೆತಿರಲಿಲ್ಲ. ರೊಟ್ಟಿ ತಟ್ಟಲು ಹೋಗಿ ಬೆರಳು ಸುಟ್ಟುಕೊಂಡ, ಮೊದಲನೆಯದು ಹರಿದು ಚಿಂದಿಯಾಯಿತು, ಮೂರನೆಯದು ಒಂದು ತರಹ ದುಂಡಗೆ ಬಂತು. ಅದನ್ನೇ ಎಲೆಗೆ ಇಟ್ಟ. ಮಣೆಯ ಮೇಲೆ ಚೂಡಿದಾರ್ ಮಡಿಸಿಟ್ಟು ದೀಪ ಹಚ್ಚಿದ. ಬಾಗಿಲೆಳೆದುಕೊಂಡು ಜಗಲಿಯ ಮೇಲೆ ಬಂದು ಕೂತ. ಒಳಗೆ ಯಾರೂ ಇಲ್ಲ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಹಾಗಂತ ಅನುಮಾನ ಬಂದಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿದ್ದು ಮಾತ್ರ ನಿಜ.

ಬೀದಿಯಲ್ಲಿ ಒಂದೊಂದೇ ಮನೆಯವರು ಬಾಗಿಲು ತೆರೆದು ಊಟಕ್ಕೆ ಕೂತರು. ದೇವಯ್ಯ ಎಲ್ಲರಿಗಿಂತ ಕೊನೆಗೆ ಎದ್ದ. ಒಳಗೆ ರೊಟ್ಟಿ ಆರಿತ್ತು, ಬೆಲ್ಲದ ಮೇಲೆ ಇರುವೆ ಹತ್ತಿತ್ತು, ಬಟ್ಟೆ ಮಡಿಸಿದ ಹಾಗೇ ಇತ್ತು. ಇರುವೆ ಊದಿ, ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಆ ರೊಟ್ಟಿಯನ್ನು ತಾನೇ ತಿಂದ. ಯಾರೂ ಇರಲಿಲ್ಲವಲ್ಲ, ಹೊಟ್ಟೆ ತುಂಬ ಅತ್ತ.

ಮರುದಿನ ಬೆಳಗ್ಗೆಯೇ ಟಿ. ನರಸೀಪುರಕ್ಕೆ ಹೋದ. ಮಾದಮ್ಮ ದಿಂಬಿಗೊರಗಿ ಬಾಗಿಲ ಕಡೆಗೇ ನೋಡುತ್ತಿದ್ದಳು. ಅವನು ಚಪ್ಪಲಿ ಬಿಡುವುದಕ್ಕೂ ಮೊದಲೇ ಕೇಳಿದಳು. “ಬಂದಿತ್ತಾ?”

ದಾರಿಯುದ್ದಕ್ಕೂ ಬಂದಿತ್ತು ಎನ್ನುವ ಮಾತನ್ನು ಬಾಯಲ್ಲಿ ಇಟ್ಟುಕೊಂಡೇ ಬಂದಿದ್ದ. ಅವಳ ಮುಖ ನೋಡಿದ ಮೇಲೆ ಅದು ಹೊರಡಲಿಲ್ಲ.

“ಇಲ್ಲ ಮಾದಿ. ಇಟ್ಟಿದ್ದು ಇಟ್ಟಂಗೇ ಇತ್ತು. ಯಾರೂ ಬರ್ನಿಲ್ಲ.”

ಮಾದಮ್ಮ ಗೋಡೆಯ ಕಡೆ ಹೊರಳಿಕೊಂಡಳು. ದೇವಯ್ಯ ಚೀಲದಿಂದ ಚೂಡಿದಾರ್ ತೆಗೆದು ಮಂಚದ ಮೇಲೆ ಹರವಿದ.

“ಅಂಗ್ಡೀಲಿ ಎತ್ತರ ಏಟು ಅಂದ್ರು. ನಂಗೊತ್ತಾಗ್ನಿಲ್ಲ ಕಣೆ. ನಾನು ಅದನ್ನ ಆರು ವರ್ಸಕ್ಕೇ ಬುಟ್ಬುಟ್ಟೆ. ನೀನು ಒಬ್ಬಳೇ ಸಾಕಂಡು ಬಂದಿದ್ದೀಯ. ಸತ್ತೋರು ಬರಾಕಿಲ್ಲ, ಅದು ಮಾತ್ರ ನಾನು ಸುಳ್ಳು ಯೋಳಾಕಿಲ್ಲ. ಆದ್ರೆ ನಂಗೂ ವಸಿ ತೋರ್ಸು. ಈಗ ಏಟೆತ್ತರ ಅವಳೆ?”

ಮಾದಮ್ಮ ಈ ಕಡೆ ತಿರುಗಿದಳು. ಬಟ್ಟೆ ಮುಟ್ಟಿ ನೋಡಿದಳು. “ಇದು ಗಿಡ್ಡ ಆಯ್ತು” ಎಂದಳು. ಆಮೇಲೆ, “ಎದ್ ನಿಂತ್ಕಳಿ.”

ಅವನು ಎದ್ದು ನೆಟ್ಟಗೆ ನಿಂತ. ಮಲಗಿದಲ್ಲಿಂದಲೇ ಅವಳು ಬೆರಳು ಚಾಚಿ ತೋರಿಸಿದಳು. ಅವನು ಅಂಗೈಯನ್ನು ಮಗ್ಗುಲಲ್ಲಿ, ಗಾಳಿಯಲ್ಲಿ, ಒಂದು ನೆತ್ತಿಯ ಮೇಲೆ ಇಟ್ಟಂತೆ ಭುಜದ ಮಟ್ಟಕ್ಕೆ ಹಿಡಿದ.

“ಇನ್ನೂ ಮ್ಯಾಕೆ” ಎಂದಳು ಮಾದಮ್ಮ. “ಇನ್ನೂ ವಸಿ. ನಿಮ್ಮವ್ವನಂಗೆ ಉದ್ದ ಅದು. ಆ... ಅಲ್ಲಿ, ಕಿವಿ ತಾವ.”

ಇಷ್ಟೆತ್ತರ! ದೇವಯ್ಯ ಕೈಯನ್ನು ಕಿವಿಯ ಮಟ್ಟದಲ್ಲಿ ಹಾಗೇ ಹಿಡಿದುಕೊಂಡು ನಿಂತ. ಚಾಮುಂಡಮ್ಮ ಕಾಫಿ ತಂದು ತೆಗೆದುಕೊಳ್ಳಿ ಎಂದು ಕರೆದರೂ ಅವನಿಗೆ ಆ ಕೈ ಇಳಿಸಲು ಮನಸ್ಸು ಬರಲಿಲ್ಲ.