ಗೆರೆಯ ಮೇಲಿನ ಗೂಟ

ನಾಲ್ಕು ಜನರ ಎದುರು ಬಾಯಿ ತೆರೆದರೆ ತನ್ನ ದನಿ ಸೊಳ್ಳೆಯದರಂತಾಗುತ್ತದೆ ಎಂಬ ಚಿಂತೆಯನ್ನು ಯಕ್ಷಿತಾ ನಿನ್ನೆಯೂ ಡೈರಿಯಲ್ಲಿ ಬರೆದುಕೊಂಡಿದ್ದಳು. ಅದರ ಕೆಳಗೆ ಇನ್ನೊಂದೇ ಸಾಲು: ಸೋಮವಾರ ನಾನು ಅಲ್ಲೇ ಇದ್ದೆ. ಈಗ ಕುರ್ಲಾದ ವರ್ಕ್‌ಶಾಪಿನ ಕ್ಯಾಬಿನ್ನಿನಲ್ಲಿ ಕೂತು, ಅಂದು ಕಣ್ಣಾರೆ ಕಂಡದ್ದನ್ನೇ ಸುಳ್ಳು ಮಾಡುವ ಕಾಗದವೊಂದನ್ನು ಇಂಗ್ಲಿಷಿನಲ್ಲಿ ಟೈಪು ಮಾಡುತ್ತಿದ್ದಳು.

"ಮುಗೀಲಿಲ್ವಾ ಮಾರಾಯ್ತಿ? ಎಷ್ಟು ಹೊತ್ತು?" ಎಂದ ಮಾಲೀಕ ಸುಕೇಶ್.

ಕಂಟ್ರಾಕ್ಟರ್ ಕಡೆಯ ಇಂಜಿನಿಯರ್ ಅನಿಲಕುಮಾರ ಕಾಲ ಮೇಲೆ ಕಾಲು ಹಾಕಿ ಕಟಿಂಗ್ ಚಹಾ ಕುಡಿಯುತ್ತಿದ್ದ. ಶಾಲೆಯೊಂದರ ಛಾವಣಿಗೆಂದು ಇಲ್ಲಿ ಬಾಗಿಸಿದ ಹದಿನಾಲ್ಕು ಕಬ್ಬಿಣದ ಕಮಾನುಗಳು ಅಲ್ಲಿನ ಕಂಬಗಳಿಗೆ ಕೂರದೆ ವಾಪಸು ಬಂದು ಹೊರಗೆ ಬಿದ್ದಿದ್ದವು.

ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ಕಮಾನು ಬಾಗಿಸುವವರು ಚಮನಸಾಬರು. ಉಕ್ಕಿನ ಹಾಸಿನ ಮೇಲೆ ಸೀಮೆಸುಣ್ಣದಲ್ಲಿ ಕಮಾನಿನ ಗೆರೆ ಎಳೆದು, ಗೆರೆಗಿಂತ ಎರಡು ಬೆರಳು ಒಳಕ್ಕೆ ಗೂಟ ಹೊಡೆದು, ಸರಳನ್ನು ಆ ಗೂಟಗಳಿಗೆ ಎಳೆದು ಬಾಗಿಸುತ್ತಿದ್ದರು. ಬಿಟ್ಟ ಕೂಡಲೇ ಸರಳು ತುಸು ಬಿಚ್ಚಿಕೊಂಡು ಸರಿಯಾಗಿ ಗೆರೆಗೆ ಬಂದು ನಿಲ್ಲುತ್ತಿತ್ತು.

ಸೋಮವಾರ ಅದನ್ನು ನೋಡಿ ಅನಿಲಕುಮಾರ ರೇಗಿದ್ದ. "ಗೆರೆ ಒಂದು ಕಡೆ, ಗೂಟ ಒಂದು ಕಡೆ! ಡ್ರಾಯಿಂಗ್ ಓದೋಕೆ ಬರುತ್ತೇನ್ರೀ ನಿಮಗೆ? ಗೆರೆ ಮೇಲೇ ಹೊಡೀರಿ."

"ಬಿಟ್ಟ ಮ್ಯಾಲ ಕಬ್ಬಣ ಹಿಂದಕ ಬರತೈತ್ರಿ ಸಾಹೇಬ್ರ. ಕಬ್ಬಣಕ್ಕ ನಿಮ್ಮ ಡ್ರಾಯಿಂಗ್ ಓದಾಕ ಬರಂಗಿಲ್ಲ."

ಕೆಲಸದವರು ನಕ್ಕುಬಿಟ್ಟರು. ಆ ನಗುವಿಗೇ ಇಂಜಿನಿಯರನಿಗೆ ಹಟ ಹತ್ತಿತು. ಗೂಟಗಳು ಗೆರೆಯ ಮೇಲೆ ಬಂದವು. ಕಮಾನುಗಳು ಗೆರೆ ದಾಟಿ ಬಿಚ್ಚಿಕೊಂಡವು. "ಸೈಟಲ್ಲಿ ಎಳೆದು ಕೂರಿಸ್ತೀವಿ, ಕಳಿಸಿ" ಎಂದು ಅವನೇ ಹೇಳಿ ಹೋಗಿದ್ದ. ಸುಕೇಶ್ ಅಂದು ಮಂಗಳೂರಿನಲ್ಲಿದ್ದ. ಚಲನ್ ಹಿಡಿದು ಪಕ್ಕದಲ್ಲೇ ನಿಂತಿದ್ದವಳು ಯಕ್ಷಿತಾ.

ತಪ್ಪು ತನ್ನದೇ ಎಂದು ಚಮನಸಾಬರು ಸಹಿ ಹಾಕಬೇಕಾಗಿದ್ದ ಕಾಗದ ಪ್ರಿಂಟರಿನಿಂದ ಹೊರಬಂತು. ಕೈ ಒರೆಸಿಕೊಳ್ಳುತ್ತ ಚಮನಸಾಬರು ಒಳಗೆ ಬಂದರು.

"ನನ್ನ ಮಾತು ಯಾರೂ ನಂಬವಲ್ರು. ಸಹಿ ಹಾಕಿ ನಾಳಿಂದ ಮನ್ಯಾಗ ಕುಂದರತೀನಿ," ಎಂದು ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡರು. "ಇಂಗ್ಲಿಷ್ ಐತಿ. ಏನ್ ಬರದಾರ, ಕನ್ನಡದಾಗ ಓದಿ ಹೇಳವ್ವ."

ಯಕ್ಷಿತಾ ಕಾಗದ ಎತ್ತಿಕೊಂಡಳು. "'ಚಮನಸಾಬನಾದ ನಾನು, ಯಾರ ಮಾತೂ ಕೇಳದೆ...'"

ಅಲ್ಲಿಗೇ ನಿಂತಳು. ಯಾರ ಮಾತೂ ಕೇಳದೆ! ಕೇಳಿದ್ದಕ್ಕೇ ಅಲ್ಲವೇ ಇದೆಲ್ಲ ಆದದ್ದು? ಟೈಪು ಮಾಡುವಾಗ ಬೆರಳು ಸುಮ್ಮನೆ ದಾಟಿ ಹೋಗಿದ್ದ ಆ ಮಾತು ಈಗ ನಾಲಿಗೆಯ ಮೇಲೆ ಕೆಂಡದಂತೆ ಸುಟ್ಟಿತು.

"ಓದಮ್ಮಾ ಮುಂದೆ," ಅನಿಲಕುಮಾರ ನಗುತ್ತ ಚಹಾದ ಗ್ಲಾಸು ಕೆಳಗಿಟ್ಟ. "ಕಾಲೇಜಿನಲ್ಲಿ ಇಷ್ಟೂ ಕಲಿಸಲಿಲ್ವಾ?"

ಚಮನಸಾಬರು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತ ನಿಂತಿದ್ದರು. ಅವರ ಉಗುರುಗಳ ಸಂದಿಯಲ್ಲಿ ಸೀಮೆಸುಣ್ಣ ಬೆಳ್ಳಗೆ ಉಳಿದಿತ್ತು.

ಅವಳು ಕಾಗದವನ್ನು ಬೋರಲಾಗಿ ಮೇಜಿನ ಮೇಲಿಟ್ಟು ಸುಕೇಶನತ್ತ ತಿರುಗಿದಳು. ದನಿ ಸೊಳ್ಳೆಯದರಂತೆಯೇ ಹೊರಟಿತು, ಆದರೂ ಹೊರಟಿತು.

"ಗೆರೆ ಮೇಲೆ ಗೂಟ ಹೊಡೆಸಿದ್ದು ಇವರು. ಚಾಚಾ ಬೇಡ ಅಂದಿದ್ರು ಸರ್. ನಾನು ಅಲ್ಲೇ ಇದ್ದೆ."