ಕುತ್ತಿಗೆಗೆ ಬಿಗಿಯಾದ ಕೋಟು

ದರ್ಜಿಯಮ್ಮನ ಕಂಪ್ಯೂಟರ್ ಕೈಕೊಟ್ಟಿತು. ಆನ್ ಮಾಡಿದರೆ ಗೊರ್ ಎನ್ನುವುದು, ಕೆಲಸ ಶುರುಮಾಡುವಷ್ಟರಲ್ಲಿ ಕಣ್ಣುಮುಚ್ಚುವುದು. ಅವಳ ನಮೂನೆಗಳೆಲ್ಲ ಇದ್ದದ್ದು ಅದರೊಳಗೇ. ಕಾಲರ್, ತೋಳು, ಜೇಬುಗಳನ್ನು ನಿಜವಾದ ಅಳತೆಯಲ್ಲೇ ಪ್ರಿಂಟ್ ತೆಗೆದು, ಹಾಳೆಗಳನ್ನು ಅಂಟಿಸಿ, ಬಟ್ಟೆಯ ಮೇಲಿಟ್ಟು ಕತ್ತರಿಸುವುದು ಅವಳ ಪದ್ಧತಿ.

ಅದೇ ಹೊತ್ತಿಗೆ ಆಸ್ಪತ್ರೆಯವರು ದಾದಿಯರಿಗೆ ಕೋಟು ಹೊಲಿಸಲು ಹೊರಟಿದ್ದರು. ಬಟ್ಟೆ ಕೊಟ್ಟು, ಮಾದರಿಗೆ ಒಂದು ಹೊಲಿದು ತೋರಿಸಿ ಎಂದಿದ್ದರು. ಒಪ್ಪಿದರೆ ವರ್ಷವಿಡೀ ಕೆಲಸ. ಕೆಲಸವಿಲ್ಲದೆ ಬಿಟ್ಟುಹೋದ ಸಹಾಯಕಿಯರನ್ನು ಮತ್ತೆ ಕರೆಯಬಹುದು ಎಂದು ದರ್ಜಿಯಮ್ಮ ಆಸೆಯಿಂದಿದ್ದಳು.

ಬಸ್ ಓಡಿಸುವ ಗಂಡ ಯಾರಿಂದಲೋ ಇನ್ನೊಂದು ಕಂಪ್ಯೂಟರ್ ತಂದ. ಅದರ ವ್ಯವಸ್ಥೆಯೇ ಬೇರೆ, ಪರದೆಯ ಮೇಲೆ ಪರಿಚಯದ ಒಂದು ಚಿತ್ರವೂ ಇಲ್ಲ.

"ನನ್ನ ಹಳೇ ಪ್ರೋಗ್ರಾಂ ಎಲ್ರೀ ಇದರಲ್ಲಿ?"

"ನನ್ನ ಗೆಳೆಯನ ಹತ್ರ ಕಾಪಿ ಇದೆ, ಹಾಕಿಕೊಡ್ತಾನೆ ಬಿಡು. ಹಳೇ ಪೆಟ್ಟಿಗೆ ತಗೊಂಡು ಹೋಗೋಕೆ ಗುಜರಿಯವನಿಗೂ ಹೇಳಿದೀನಿ."

ಗ್ರಂಥಾಲಯದಲ್ಲಿ ಕಂಪ್ಯೂಟರ್ ಕಲಿಸುವ ನಾದಿನಿ ಅಂಗಡಿಯೊಳಗೆ ಕಾಲಿಡುತ್ತಲೇ ಈ ಮಾತು ಅವಳ ಕಿವಿಗೆ ಬಿತ್ತು.

"ಅಣ್ಣಾ, ಗುಜರಿಯವನಿಗೆ ಬರಬೇಡ ಅನ್ನು. ಎಲ್ಲಾ ಫೈಲೂ ಹೊಸದಕ್ಕೆ ಬರೋ ತನಕ ಹಳೇದು ಇರಲಿ. ಆ ಕಾಪಿ ಹಳೇ ವ್ಯವಸ್ಥೆದು, ಇದರಲ್ಲಿ ನಡೆಯಲ್ಲ. ನಡೆದ್ರೂ ಕದ್ದ ಕಾಪಿ ಬೇಡ, ಅದರ ಜೊತೆ ವೈರಸ್ಸೂ ಬರುತ್ತೆ."

"ಮತ್ತೆ ನಾನೇನು ಮಾಡ್ಲಿ?" ಎಂದಳು ದರ್ಜಿಯಮ್ಮ.

"ವರ್ಷಾ ವರ್ಷ ದುಡ್ಡು ಕಟ್ಟಿದ್ರೆ ನಿನ್ನ ಹಳೇ ಪ್ರೋಗ್ರಾಮೇ ಇದಕ್ಕೂ ಸಿಗುತ್ತೆ. ನ್ಯಾಯವಾಗೇ ಪುಕ್ಕಟೆ ಸಿಗೋದು ಒಂದಿದೆ. ಇನ್ನೊಂದು ಇಂಟರ್ನೆಟ್ಟಲ್ಲೇ ನಡೆಯುತ್ತೆ. ನಮೂನೆ ಬರೆಯೋದು, ಪಟ್ಟಿ ತುಂಬೋದು ಮೂರರಲ್ಲೂ ಆಗುತ್ತೆ."

"ಪುಕ್ಕಟೆದು ಅಂದ್ಮೇಲೆ ಅಷ್ಟಕ್ಕಷ್ಟೇ," ಗಂಡ ಮೂಗು ಮುರಿದ.

"ಹೆಸರು, ಬೆಲೆ ಆಮೇಲೆ ನೋಡಣ್ಣ. ಅತ್ತಿಗೆ, ನೀನು ದಿನಾ ಬಳಸೋ ಫೈಲುಗಳ ನಕಲು ಮಾಡ್ಕೋ. ಮೂರರಲ್ಲೂ ತೆರೆದು, ಪ್ರಿಂಟ್ ತೆಗೆದು ಪರೀಕ್ಷೆ ಮಾಡು. ಆಮೇಲೆ ಆರಿಸು."

ಪುಕ್ಕಟೆಯದನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಟ್ಟು, ಉಳಿದವನ್ನು ನಾಳೆ ನೋಡೋಣ ಎಂದು ನಾದಿನಿ ಪಾಠಕ್ಕೆ ಹೋದಳು. ದರ್ಜಿಯಮ್ಮನಿಗೆ ನಾಳೆಯ ತನಕ ತಾಳ್ಮೆ ಎಲ್ಲಿಯದು? ಹಳೆಯ ಕಂಪ್ಯೂಟರ್ ಕಣ್ಣುಮುಚ್ಚುವ ಮೊದಲೇ ಕೋಟಿನ ನಮೂನೆಯನ್ನು ಪೆನ್‌ಡ್ರೈವಿಗೆ ನಕಲಿಸಿಕೊಂಡು ಹೊಸದರಲ್ಲಿ ತೆರೆದಳು. ಪರದೆಯ ಮೇಲೆ ಹಳೆಯದರಂತೆಯೇ ಕಂಡಿತು. ಪ್ರಿಂಟ್ ತೆಗೆದಳು, ಅಂಟಿಸಿದಳು, ಆಸ್ಪತ್ರೆಯ ಬಿಳಿ ಬಟ್ಟೆಗೆ ಕತ್ತರಿ ಹಾಕಿಯೇಬಿಟ್ಟಳು.

ಮಾದರಿ ಕೋಟಿನ ಅಳತೆಯೂ ನಾದಿನಿಯ ಅಳತೆಯೂ ಒಂದೇ. ಮರುದಿನ ಅವಳಿಗೇ ತೊಡಿಸಿದರೆ ಕುತ್ತಿಗೆಯ ಗುಂಡಿ ಹಾಕಲಾಗಲಿಲ್ಲ. ತೋಳು ಮಣಿಕಟ್ಟಿನವರೆಗೆ ಬರಲಿಲ್ಲ.

"ನಾನೇನು ರಾತ್ರೋರಾತ್ರಿ ದಪ್ಪ ಆದ್ನಾ ಅತ್ತಿಗೆ?"

"ನಾನು ಬಡ್ಕೊಂಡೆ," ಎಂದ ಗಂಡ. "ಪುಕ್ಕಟೆ ಪ್ರೋಗ್ರಾಂ ಬಟ್ಟೆನೂ ನುಂಗಿದೆ ನೋಡು."

ದರ್ಜಿಯಮ್ಮನಿಗೆ ನಗು ಬರಲಿಲ್ಲ. ಇನ್ನೊಂದು ಕೋಟು ಆಗುವಷ್ಟೇ ಬಟ್ಟೆ ಉಳಿದಿತ್ತು. ಅದೂ ಕೆಟ್ಟರೆ ಆಸ್ಪತ್ರೆಯ ಕೆಲಸಕ್ಕೆ ಎಳ್ಳುನೀರು.

ನಾದಿನಿ ಅತ್ತಿಗೆಯ ಕೊರಳಲ್ಲಿದ್ದ ಟೇಪನ್ನೇ ಎಳೆದು ಪ್ರಿಂಟಿನ ಮೇಲಿಟ್ಟಳು. ಪ್ರತಿ ನಮೂನೆಯ ಮೂಲೆಯಲ್ಲೂ ಅಳತೆ ತಾಳೆ ನೋಡಲು ದರ್ಜಿಯಮ್ಮ ಒಂದು ಗೆರೆ ಎಳೆದಿಟ್ಟಿರುತ್ತಾಳೆ. ಆ ಗೆರೆ ಒಂದು ಬೆರಳು ಗಿಡ್ಡವಾಗಿತ್ತು. ಗಿರಣಿಯಿಂದ ಬಂದ ಬಟ್ಟೆಯನ್ನೂ ಅಳೆಯದೆ ಒಳಗಿಡದವಳು ಪರದೆಯನ್ನು ನಂಬಿ ಕೂತಿದ್ದಳು. ಅವಳಿಗೆ ನಾಚಿಕೆಯಾಯಿತು.

"ಹಾಳೆಯೊಳಗೆ ಹಿಡಿಸಲಿ ಅಂತ ಪ್ರೋಗ್ರಾಂ ತಾನೇ ಕುಗ್ಗಿಸಿದೆ," ಎಂದು ನಾದಿನಿ ಪರದೆಯ ಮೇಲೆ ಪ್ರಿಂಟಿನ ಆಯ್ಕೆಗಳಲ್ಲಿ 'ಹಾಳೆಗೆ ಹೊಂದಿಸು' ಎಂಬುದರ ಮುಂದಿದ್ದ ಟಿಕ್ ಗುರುತು ತೆಗೆದಳು. ಮತ್ತೆ ಪ್ರಿಂಟ್ ತೆಗೆದರೆ ಗೆರೆಯೂ ಟೇಪೂ ಒಂದಾದವು.

ಈ ಸಲ ಯಾರೂ ಅವಸರ ಮಾಡಲಿಲ್ಲ. ಇಂಟರ್ನೆಟ್ಟಿನದು ಅಂಗಡಿಯ ಸಂಪರ್ಕ ಹೋದಾಗಲೆಲ್ಲ ನಿಂತುಬಿಡುತ್ತಿತ್ತು. ದುಡ್ಡಿನದನ್ನು ಪರೀಕ್ಷೆಯ ಅವಧಿಗೆಂದು ಹಾಕಿ ನೋಡಿದರು, ಅಳತೆ ಸರಿಯಾಗಿಯೇ ಬಂತು. ಆಸ್ಪತ್ರೆಯ ಉಗ್ರಾಣದವನು ಕಳಿಸಿದ್ದ ಅಳತೆ ಪಟ್ಟಿಯನ್ನು ಪುಕ್ಕಟೆಯದರಲ್ಲಿ ತುಂಬಿ, ಅವನ ಪ್ರೋಗ್ರಾಮಿಗೆ ಹೊಂದುವ ರೂಪದಲ್ಲೇ ಉಳಿಸಿ ವಾಪಸ್ ಕಳಿಸಿದರು. "ಸರಿಯಾಗಿ ತೆರೀತಮ್ಮ, ಲೆಕ್ಕಾನೂ ಸರಿ ಇದೆ," ಎಂದು ಅವನು ಫೋನ್ ಮಾಡಿದ. ವರ್ಷಾ ವರ್ಷ ದುಡ್ಡು ಕಟ್ಟದೆಯೇ ತನ್ನ ಕೆಲಸವೆಲ್ಲ ಆಗುವುದರಿಂದ ದರ್ಜಿಯಮ್ಮ ಪುಕ್ಕಟೆಯದನ್ನೇ ಆರಿಸಿಕೊಂಡಳು.

"ಹಾಗಾದ್ರೆ ಪುಕ್ಕಟೆದೇ ವಾಸಿ ಅನ್ನು!" ಗಂಡ ಈಗ ರಾಗ ಬದಲಿಸಿದ.

"ಅತ್ತಿಗೆ ಕೆಲಸಕ್ಕೆ ವಾಸಿ. ನಮ್ಮ ಗ್ರಂಥಾಲಯದ ಹಳೇ ಪಟ್ಟಿಗಳು ಅದರಲ್ಲಿ ನಡೀಲಿಲ್ಲ. ನಾವು ದುಡ್ಡು ಕೊಟ್ಟೇ ತಗೊಂಡ್ವಿ," ಎಂದಳು ತಂಗಿ.

ದರ್ಜಿಯಮ್ಮ ಪ್ರಿಂಟನ್ನು ಅಳೆದ ಮೇಲೆಯೇ ಕತ್ತರಿ ಹಿಡಿದಳು. ಎರಡನೆಯ ಕೋಟು ನಾದಿನಿಯ ಮೈಗೆ ಹೇಳಿ ಮಾಡಿಸಿದಂತೆ ಕೂತಿತು. ಆಸ್ಪತ್ರೆಯವರು ಒಪ್ಪಿದರು, ಸಹಾಯಕಿಯರು ಮತ್ತೆ ಬಂದರು. ಮೊದಲ ಕೋಟು ಅಂಗಡಿಯ ಬಾಗಿಲ ಹಿಂದೆ ನೇತಾಡುತ್ತಿದೆ. ಯಾರಾದರೂ ಬಂದು "ಹೊಸ ಕಂಪ್ಯೂಟರ್ ತಗೊಂಡೆ, ಯಾವ ಪ್ರೋಗ್ರಾಂ ಹಾಕ್ಲಿ?" ಎಂದರೆ, ದರ್ಜಿಯಮ್ಮ ಅದನ್ನು ಇಳಿಸಿ, ತೊಟ್ಟು ನೋಡಿ ಎಂದು ಕೈಗೆ ಕೊಡುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣಂದಿರೇ, ನೀವೂ ಕಂಪ್ಯೂಟರ್ ಬದಲಿಸುವವರಿದ್ದರೆ ನಿಮ್ಮ ಕೆಲಸವನ್ನೇ ಮುಂದಿಟ್ಟುಕೊಂಡು ಪ್ರೋಗ್ರಾಂ ಆರಿಸಿ. ಫೈಲುಗಳ ನಕಲು ತೆರೆದು ನೋಡಿ, ಪ್ರಿಂಟ್ ತೆಗೆದು ನೋಡಿ, ನೀವು ಕಳಿಸಿದ್ದು ಎದುರಿನವರಲ್ಲಿ ತೆರೆಯುತ್ತದೆಯೇ ಎಂದು ಕೇಳಿ. ಅಲ್ಲಿಯವರೆಗೆ ಹಳೆಯ ಕಂಪ್ಯೂಟರನ್ನು ಮನೆಯಿಂದಾಚೆ ಕಳಿಸಬೇಡಿ. ದರ್ಜಿಯಮ್ಮನಿಗೆ ಇನ್ನೊಂದು ಕೋಟು ಹೊಲಿಯುವಷ್ಟು ಬಟ್ಟೆ ಉಳಿದಿತ್ತು. ನಿಮಗೂ ಉಳಿದಿರುತ್ತದೆ ಎಂದು ನಂಬಿ ಕೂರಬೇಡಿ.