ಜಾರಬೇಕಾದ ಕಮಾನು

ಗಲ್ಫಿನ ವಾದಿ ಕಬೀರಿನಲ್ಲಿರುವ ನಮ್ಮ ವರ್ಕ್‌ಶಾಪಿಗೆ ಹೊರದೇಶದ ಕಲ್ಲಿದ್ದಲು ಗಣಿಯೊಂದರ ಛಾವಣಿಗೆ ಆಸರೆ ಕೊಡುವ ಉಕ್ಕಿನ ಕಮಾನುಗಳ ಕೆಲಸ ಬಂದಿತ್ತು. ಬೆಳಿಗ್ಗೆ ಬಂದು ನೋಡಿದರೆ ಜೊತೆಯ ವೆಲ್ಡರ್ ಶಿಹಾಬ್ ಮೊದಲನೆಯ ಕಮಾನಿನ ಎರಡು ತುಂಡುಗಳು ಕೂಡುವಲ್ಲಿ ಪಟ್ಟಿ ಬಿಗಿದದ್ದು ಸಾಲದೆಂದು ವೆಲ್ಡಿಂಗನ್ನೂ ಮಾಡಿಟ್ಟಿದ್ದ. ನನಗೆ ರಕ್ತ ಕುದಿಯಿತು.

“ಎಂತ ಮಾಡಿದ್ದು ನೀನು? ಜನರನ್ನು ಕೊಲ್ಲುವ ಯೋಚನೆ ಉಂಟಾ?”

“ಗಟ್ಟಿ ಆಗ್ಲಿ ಅಂತ ಮಾಡಿದ್ದು ಮಾರಾಯ. ಹೇಗುಂಟು ನೋಡು, ಮದುಮಗಳ ಸರದ ಹಾಗೆ!”

ಅರ್ಧದಲ್ಲೇ ಶಾಲೆ ಬಿಟ್ಟ ನನಗೆ ಮೊದಲು ಕೆಲಸ ಕೊಡಿಸಿದ್ದು ಚಂದ್ರಾಪುರದ ಕಡೆಯ ಗಣಿಯಲ್ಲಿದ್ದ ಪುತ್ತುಮಾಮ. ಇಂಥದೇ ಕಮಾನುಗಳ ಕೆಳಗೆ ಕೂತು ನಾವು ಬುತ್ತಿ ಬಿಚ್ಚುತ್ತಿದ್ದೆವು. ಮೇಲಿನ ಬಂಡೆ ಒತ್ತಿದಾಗ ತುಂಡಿನ ಮೇಲೆ ತುಂಡು ಕಿರ್ರೆಂದು ಚೂರೇ ಚೂರು ಜಾರುತ್ತಿತ್ತು. ಮಾಮ ತುತ್ತನ್ನು ಕೈಯಲ್ಲೇ ಹಿಡಿದು ಆಲಿಸಿ, “ಜಾರಿತಲ್ಲ, ಮುರೀಲಿಲ್ಲ. ನೀನು ತಿನ್ನು” ಎನ್ನುತ್ತಿದ್ದರು. ಆ ತಂಪು ಕತ್ತಲೆ, ಮಾಮನ ನಗು, ಎರಡು ದೀಪಗಳ ಬೆಳಕಲ್ಲಿ ಹಂಚಿಕೊಂಡ ಒಣಮೀನು ಈ ಸುಡುಬಿಸಿಲಲ್ಲಿ ಎಷ್ಟು ನೆನಪಾಗುತ್ತವೆಂದರೆ, ಕಂಡವರ ಮೇಲೆಲ್ಲ ಸಿಟ್ಟು ಬರುತ್ತದೆ.

ಇದನ್ನೆಲ್ಲ ಶಿಹಾಬನಿಗೆ ಕೂಗಿಯೇ ಹೇಳಿದೆ. “ಬೆಸೆದರೆ ಜಾರ್ಲಿಕ್ಕೆ ಜಾಗ ಎಲ್ಲಿ? ಭಾರ ಬಿದ್ದಾಗ ಒಮ್ಮೆಲೇ ಮುರೀತದೆ. ಕೆಳಗಿದ್ದವರು ಖಲಾಸ್.”

ಅವನ ಮುಖ ಇಳಿಯಿತು. ಬೆಸುಗೆಯ ಮೇಲೆ ಬೆರಳು ಸವರಿ, “ಇಷ್ಟು ಚಂದದ್ದು ನಾನು ಯಾವತ್ತೂ ಮಾಡಿಲ್ಲ. ಒಂದು ಫೋಟೋ ತೆಗಿ, ಉಮ್ಮನಿಗೆ ಕಳಿಸ್ತೇನೆ” ಎಂದ.

ಬೈಯುತ್ತಲೇ ತೆಗೆದೆ. ಅವನು ಕಟ್ಟರ್ ಹಚ್ಚಿ ಕಮಾನನ್ನು ತುಂಡರಿಸಿ, ಒಂದೊಂದೇ ತುಂಡನ್ನು ಗುಜರಿಗೆ ಎಸೆದ.